‘ಅ ಲಾ ಕಾರ್ಟ್’: ಪದ ಫ್ರೆಂಚರದು, ಹೊಣೆ ನಮ್ಮದು

ಈಚೆಗೆ ನಮ್ಮ ಕಕ್ಷಿದಾರರೊಬ್ಬರು ತಮ್ಮ ಸಂಸ್ಥೆಯ ವಾರ್ಷಿಕ ಸಮಾರಂಭದ ಊಟೋಪಚಾರಕ್ಕಾಗಿ ಪಡೆದ ದರಪತ್ರವೊಂದನ್ನು ಪರಿಶೀಲನೆಗೆ ತಂದಿದ್ದರು. ಅದರ ತಲೆಬರಹದಲ್ಲಿ ‘ಅ ಲಾ ಕಾರ್ಟ್’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಕೆಳಗೆ 20 ಭಕ್ಷ್ಯಗಳ ಹೆಸರು. ಕೊನೆಯಲ್ಲಿ ತಲೆಯೊಂದಕ್ಕೆ ಇಷ್ಟು ರೂಪಾಯಿ ಎಂಬ ಒಂದೇ ಮೊತ್ತ. ನಾಲ್ಕು ಭಕ್ಷ್ಯಗಳನ್ನು ಕೈಬಿಟ್ಟರೆ ಎಷ್ಟು ಕಡಿಮೆಯಾಗುತ್ತದೆಂದು ಕೇಳಿದ್ದಕ್ಕೆ, ಏನೂ ಕಡಿಮೆಯಾಗುವುದಿಲ್ಲ ಎಂಬ ಉತ್ತರ ಬಂದಿತಂತೆ. ಹಾಗಿದ್ದರೆ ಅದು ಅ ಲಾ ಕಾರ್ಟ್ ಅಲ್ಲವೇ ಅಲ್ಲ.

ಈ ಫ್ರೆಂಚ್ ಪದಪುಂಜದಲ್ಲಿರುವ ‘ಕಾರ್ಟ್’ ಗಾಡಿಯಲ್ಲ, ಪಟ್ಟಿ. ‘ಪಟ್ಟಿಯ ಪ್ರಕಾರ’ ಎಂಬುದೇ ಅದರ ಅರ್ಥ. ಲ್ಯಾಟಿನ್ ಭಾಷೆಯ ‘ಕಾರ್ಟಾ’, ಅದಕ್ಕೂ ಹಿಂದೆ ಪಪೈರಸ್ ಹಾಳೆಯನ್ನು ಸೂಚಿಸುತ್ತಿದ್ದ ಗ್ರೀಕ್ ಪದ ಇದರ ಮೂಲ. ಕಾರ್ಡ್, ಚಾರ್ಟ್, ಚಾರ್ಟರ್ ಎಲ್ಲವೂ ಇದೇ ಬೇರಿನ ಚಿಗುರುಗಳು. ನನ್ನ ವೃತ್ತಿಯ ಹೆಸರಿನಲ್ಲಿರುವ ‘ಚಾರ್ಟರ್ಡ್’ ಕೂಡ. ‘ಮೆನು’ ಎಂಬ ಪದವಾದರೋ ‘ಸಣ್ಣದು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದು, ಸಣ್ಣ ಸಣ್ಣ ವಿವರಗಳ ಪಟ್ಟಿಯೆಂಬ ಅರ್ಥ ಪಡೆಯಿತು. ಸಭಾ ನಡವಳಿಯನ್ನು ‘ಮಿನಿಟ್ಸ್’ ಎನ್ನುವುದೂ ಅದೇ ಮೂಲದಿಂದ. ಎರಡೂ ಪದಗಳ ಜೀವ ಇರುವುದು ಬರವಣಿಗೆಯಲ್ಲಿ ಮತ್ತು ವಿವರದಲ್ಲಿ.

ಇದಕ್ಕೆ ಎದುರಾದ ಪದ್ಧತಿ ‘ತಾಬ್ಲ್ ದೋತ್’, ಅಂದರೆ ಆತಿಥೇಯನ ಮೇಜು. ಇದು 17ನೇ ಶತಮಾನದ ಆರಂಭದಲ್ಲಿಯೇ ಇಂಗ್ಲಿಷಿಗೆ ಬಂದಿತು. ವಸತಿಗೃಹದ ಒಡೆಯನು ಗೊತ್ತಾದ ಹೊತ್ತಿಗೆ ಒಂದೇ ಮೇಜಿನ ಮೇಲೆ ಬಡಿಸಿದ್ದನ್ನು ಎಲ್ಲರೂ ಉಣ್ಣಬೇಕು. ಬೆಲೆ ಎಲ್ಲರಿಗೂ ಒಂದೇ. 1760ರ ದಶಕದಿಂದೀಚೆಗೆ ಪ್ಯಾರಿಸ್ಸಿನಲ್ಲಿ ಹುಟ್ಟಿಕೊಂಡ ರೆಸ್ಟೋರೆಂಟುಗಳು ಈ ಕ್ರಮವನ್ನು ಬದಲಿಸಿದವು. ಪ್ರತ್ಯೇಕ ಮೇಜು, ಅನುಕೂಲವಾದ ವೇಳೆ, ಪ್ರತಿ ಪದಾರ್ಥದ ಎದುರು ಬೆಲೆ ನಮೂದಿಸಿದ ಪಟ್ಟಿ ಇವುಗಳು ರೂಢಿಗೆ ಬಂದವು. 1815ರ ಯುದ್ಧವಿರಾಮದ ತರುವಾಯ ಆಂಗ್ಲ ಪ್ರವಾಸಿಗರು ಪ್ಯಾರಿಸ್ಸಿಗೆ ದಂಡಾಗಿ ಹೋಗತೊಡಗಿದರು. ಅ ಲಾ ಕಾರ್ಟ್ ಇಂಗ್ಲಿಷಿನಲ್ಲಿ ನೆಲೆಯೂರಿದ್ದು ಆ ಶತಮಾನದ ಆರಂಭದ ದಶಕಗಳಲ್ಲಿ.

ನಮ್ಮ ಹೋಟೆಲುಗಳಿಗೆ ಈ ಎರಡು ಪದ್ಧತಿಗಳೂ ಹೊಸತಲ್ಲ. ಬೆಳಿಗ್ಗೆ ಹಲಗೆಯ ಮೇಲೆ ಇಡ್ಲಿ, ವಡೆ, ದೋಸೆಗಳ ಬಿಡಿ ಬೆಲೆ. ಮಧ್ಯಾಹ್ನ ಒಂದೇ ಚೀಟಿಗೆ ಪೂರ್ತಿ ಊಟ. ಎರಡೂ ಪ್ರಾಮಾಣಿಕ ವ್ಯವಹಾರಗಳೇ. ಒಂದರ ಹೆಸರಿನಲ್ಲಿ ಮತ್ತೊಂದನ್ನು ಮಾರುವುದು ಮಾತ್ರ ತಪ್ಪು.

ಈ ಪದ ಈಗ ಅಡುಗೆಮನೆಯನ್ನು ದಾಟಿ ನಿಯಮಾವಳಿಗಳನ್ನೂ ಪ್ರವೇಶಿಸಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2017ರ ಮಾರ್ಚ್‌ನಲ್ಲಿ ಹೊರಡಿಸಿದ ಸುಂಕ ಆದೇಶವು ಟಿ.ವಿ. ವಾಹಿನಿಗಳನ್ನು ಅ ಲಾ ಕಾರ್ಟ್ ಆಗಿ ನೀಡಬೇಕೆಂದು ವಿಧಿಸಿತು. ಆದರೆ ಬಿಡಿ ವಾಹಿನಿಯ ಬೆಲೆಯನ್ನು ಏರಿಸಿ, ಗುಚ್ಛಕ್ಕೆ ಭಾರಿ ರಿಯಾಯಿತಿ ಕೊಟ್ಟರೆ ಆಯ್ಕೆ ಹೆಸರಿಗೆ ಮಾತ್ರ ಉಳಿಯುತ್ತದೆ. ಆದ್ದರಿಂದಲೇ 2022ರ ನವೆಂಬರ್ ತಿದ್ದುಪಡಿಯು ಗುಚ್ಛದ ರಿಯಾಯಿತಿಗೆ ಶೇ. 45ರ ಮಿತಿ ಹಾಕಿತು. ಬಿಡಿ ಬೆಲೆ ನ್ಯಾಯವಾಗಿರದಿದ್ದರೆ ಪಟ್ಟಿಯಿದ್ದೂ ಪ್ರಯೋಜನವಿಲ್ಲ.

ಇನ್ನು ತೆರಿಗೆಯ ವಿಚಾರ. ಜಿ.ಎಸ್.ಟಿ. ಕಾಯಿದೆಯ 2(74)ನೇ ಕಲಮು ‘ಮಿಶ್ರ ಪೂರೈಕೆ’ಗೆ ಕೊಡುವ ಉದಾಹರಣೆಯೂ ತಿನಿಸುಗಳದ್ದೇ: ಸಿಹಿ, ಚಾಕೊಲೇಟು, ಕೇಕು, ಒಣಹಣ್ಣು, ತಂಪು ಪಾನೀಯಗಳನ್ನು ಕೂಡಿಸಿ ಒಂದೇ ಬೆಲೆಗೆ ಮಾರುವ ಪೊಟ್ಟಣ. 8ನೇ ಕಲಮಿನಂತೆ ಇಂತಹ ಪೊಟ್ಟಣಕ್ಕೆ ಅದರೊಳಗಿನ ಅತಿ ಹೆಚ್ಚಿನ ದರವೇ ಅನ್ವಯ. 2025ರ ಸೆಪ್ಟೆಂಬರ್ 22ರಿಂದ ಬಾದಾಮಿಗೆ ಶೇ. 5, ಸಕ್ಕರೆ ಬೆರೆತ ಗ್ಯಾಸ್ ಪಾನೀಯಕ್ಕೆ ಶೇ. 40 ದರವಿದೆ. ಹಬ್ಬದ ಉಡುಗೊರೆ ಡಬ್ಬಿಯಲ್ಲಿ ಬಾದಾಮಿಯ ಪಕ್ಕದಲ್ಲಿ ಒಂದು ಪಾನೀಯದ ಬಾಟಲಿ ಕುಳಿತರೆ, ಇಡೀ ಡಬ್ಬಿಗೆ ಶೇ. 40 ತೆರಬೇಕಾದೀತು. ಅವನ್ನೇ ಬೇರೆ ಬೇರೆಯಾಗಿ ಪೂರೈಸಿದರೆ ಆಯಾ ಪದಾರ್ಥಕ್ಕೆ ಆಯಾ ದರ. ಆದರೆ ಅಂಗಡಿಯಲ್ಲಿ ಒಂದೇ ಬೆಲೆಗೆ ಮಾರಿ, ಬಿಲ್ಲಿನಲ್ಲಿ ಮಾತ್ರ ಬಿಡಿಸಿ ಬರೆದು ಪಾರಾಗಬಹುದೆಂದು ಯಾರೂ ನೆಚ್ಚಿಕೊಳ್ಳಬಾರದು. ವ್ಯವಹಾರವೇ ಬಿಡಿಯಾಗಿರಬೇಕು.

ಐನೂರು ಜನರ ಅಡುಗೆಯಲ್ಲಿ ಒಂದೊಂದೇ ಭಕ್ಷ್ಯದ ಬೆಲೆ ಕಳೆಯುವುದು ಕಷ್ಟವೆಂದು ಊಟೋಪಚಾರದ ಗುತ್ತಿಗೆದಾರರು ಹೇಳಬಹುದು. ಆ ಮಾತು ಒಪ್ಪತಕ್ಕದ್ದೇ. ಹಾಗಿದ್ದಲ್ಲಿ ‘ಇದು ಒಟ್ಟು ಬೆಲೆ’ ಎಂದೇ ಬರೆಯಲಿ. ಅ ಲಾ ಕಾರ್ಟ್ ಎಂದು ಬರೆದ ಮೇಲೆ ಪ್ರತಿ ಬಾಬಿನ ಎದುರು ಬೆಲೆಯಿರಬೇಕು, ಬೇಡವೆಂದದ್ದರ ಬೆಲೆ ಕಳೆಯಬೇಕು. ಊಟಕ್ಕಷ್ಟೇ ಅಲ್ಲ, ಯಂತ್ರದ ನಿರ್ವಹಣೆ, ಸಾಗಾಣಿಕೆ, ನಮ್ಮಂತಹ ಲೆಕ್ಕಪರಿಶೋಧಕರ ಶುಲ್ಕ, ಎಲ್ಲಕ್ಕೂ ಈ ಮಾತು ಸಲ್ಲುತ್ತದೆ.

ಅಂದಹಾಗೆ, ನಮ್ಮ ಕಕ್ಷಿದಾರರು ಆ ದರಪತ್ರಕ್ಕೆ ಸಹಿ ಹಾಕಲಿಲ್ಲ. ಬಾಬುವಾರು ಬೆಲೆ ನಮೂದಿಸಿ ಕಳುಹಿಸುವಂತೆ ಪತ್ರ ಬರೆದರು. ಸದಸ್ಯ ಬಾಂಧವರೂ ಮುಂದಿನ ದರಪತ್ರವನ್ನು ಕೈಗೆತ್ತಿಕೊಂಡಾಗ ಮೊದಲು ಇದನ್ನೇ ಗಮನಿಸುವುದು ಒಳಿತು.