ಕಾವೇರಿಗೆ ಬಿಟ್ಟ ಸೀರೆ

ಹೋದ ತಿಂಗಳು ಸೋದರತ್ತೆಯವರ ಅಸ್ಥಿ ವಿಸರ್ಜನೆಗೆಂದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆವು. ಕರ್ಮ ಮುಗಿದ ಮೇಲೆ ತಮ್ಮನ ಮಗ ಅತ್ತೆಯವರು ಉಡುತ್ತಿದ್ದ ಪಾಲಿಯೆಸ್ಟರ್ ಸೀರೆಗಳ ಗಂಟನ್ನು ಹೊಳೆಗೆ ಬಿಡಹೊರಟ. ತಡೆದೆ. "ದೊಡ್ಡಪ್ಪ, ಇದು ಶಾಸ್ತ್ರ. ಇಲ್ಲೂ ಪಾಠ ಮಾಡಬೇಡಿ" ಎಂದು ಬಿಟ್ಟೇಬಿಟ್ಟ. ಸೂತಕದ ಸಮಯದಲ್ಲಿ ವಾದ ಸಲ್ಲದೆಂದು ಅಲ್ಲಿ ಸುಮ್ಮನಾದೆ. ಇಲ್ಲಿ ಸುಮ್ಮನಿರಲಾರೆ, ಅವನೂ ಇದನ್ನು ಓದುತ್ತಾನೆಂದು ಬಲ್ಲೆ.

ಯಾವ ಶಾಸ್ತ್ರವಪ್ಪಾ? ನೀರಿನಲ್ಲಿ ಉಗುಳಲೂ ಬಾರದೆಂದು ತೈತ್ತಿರೀಯ ಆರಣ್ಯಕ ವಿಧಿಸುತ್ತದೆ. ಅಜ್ಜಂದಿರು ಬಿಟ್ಟದ್ದು ಹತ್ತಿಯ ಪಂಚೆ. ಅದು ಕೊಳೆತು ಮಣ್ಣಾಗುತ್ತಿತ್ತು. ಪಾಲಿಯೆಸ್ಟರ್ ಎಂದರೆ ನೂಲಾಗಿ ಎಳೆದ ಪ್ಲಾಸ್ಟಿಕ್. ಅದು ಕೊಳೆಯದು. ಬಿಸಿಲಿಗೆ ಜೀರ್ಣವಾಗಿ, ಕಲ್ಲಿಗೆ ಉಜ್ಜಿ, ಎಳೆಎಳೆಯಾಗಿ ಉದುರುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕದಾದ ಇಂಥ ಚೂರುಗಳನ್ನೇ ಮೈಕ್ರೋಪ್ಲಾಸ್ಟಿಕ್ ಎನ್ನುವುದು.

ಇದು ಯಾವುದೋ ದೂರದ ಸಮುದ್ರದ ಕಥೆಯಲ್ಲ. ಪಶ್ಚಿಮವಾಹಿನಿಗೆ ತುಸು ಮೇಲಿರುವ ಕನ್ನಂಬಾಡಿ ಕಟ್ಟೆಯ ನೀರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನೊಂಗ್ತೊಂಬಾ ಮತ್ತು ಸಂಗಡಿಗರು ಪರೀಕ್ಷಿಸಿ, 2022ರಲ್ಲಿ ವರದಿ ಪ್ರಕಟಿಸಿದರು. ನಿಧಾನವಾಗಿ ಹರಿಯುವ ಹಾಗೂ ನಿಂತ ನೀರಿನಲ್ಲಿ ಬೆಳೆದ ಜೀಬ್ರಾ ಮೀನಿನ ಭ್ರೂಣಗಳಲ್ಲಿ ಮೂಳೆ ಸೊಟ್ಟಗಾಗಿತ್ತು, ಹೃದಯ ಘಾಸಿಗೊಂಡಿತ್ತು, ಡಿಎನ್‌ಎ ಕೆಟ್ಟಿತ್ತು. ಆ ನೀರಿನಲ್ಲಿ ಮೈಕ್ರೋಪ್ಲಾಸ್ಟಿಕ್ ಜೊತೆಗೆ ವಿಷಕಾರಿ ರಾಸಾಯನಿಕವೂ ಇತ್ತು; ಸಕಲ ದೋಷವನ್ನೂ ಸೀರೆಯ ತಲೆಗೆ ಕಟ್ಟುವುದು ನನ್ನ ಉದ್ದೇಶವಲ್ಲ.

"ಕಾರ್ಖಾನೆಗಳನ್ನು ಕೇಳಿ" ಎನ್ನುತ್ತೀರಿ. ಕೇಳೋಣ, ಕೇಳಲೇಬೇಕು. ಆದರೆ ಕಾರ್ಖಾನೆಯವನು ಕದ್ದುಮುಚ್ಚಿ ಬಿಡುವುದನ್ನು ನಾವು ಮಂತ್ರ ಹೇಳಿ ಬಿಡುತ್ತಿದ್ದೇವೆ! 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಚಮಚ, ಲೋಟಗಳಿಗೆ ನಿಷೇಧ ಬಂದಿದೆ. ಮದುವೆ ಮನೆಯಲ್ಲಿ ಚಮಚ ಬೇಡವೆನ್ನುವ ನಾವೇ ನದಿಗೆ ಆರು ಗಜ ಪ್ಲಾಸ್ಟಿಕ್ ಅರ್ಪಿಸುತ್ತೇವೆ.

ಬೆಂಗಳೂರಿನಲ್ಲಿರುವ ಶಿಷ್ಯರೇ, ನಿಮ್ಮ ನಲ್ಲಿಯ ಕಾವೇರಿ ಶ್ರೀರಂಗಪಟ್ಟಣವನ್ನು ದಾಟಿಯೇ ತೊರೆಕಾಡನಹಳ್ಳಿಯನ್ನು ಸೇರುತ್ತಾಳೆ. ಅಲ್ಲಿ ಸೋಸುತ್ತಾರೆ, ನಿಜ. ಮೀನಿಗೆ ಸೋಸಿ ಕೊಡುವವರಾರು?

ಮಗೂ, ನನ್ನ ಸರದಿಯೂ ಬರುತ್ತದೆ. ಬೂದಿಯನ್ನು ಮಣ್ಣಿನ ಕುಡಿಕೆಯಲ್ಲಿ ತಾ. ನನ್ನ ಟೆರಿಕಾಟ್ ಅಂಗಿಗಳು ಬೀರುವಿನ ಕೆಳಗಿನ ಅರೆಯಲ್ಲಿವೆ. ಇನ್ನೂ ಗಟ್ಟಿಯಾಗಿವೆ, ತೊಡುವವರಿಗೆ ಕೊಡು.