ಲೋಟ ಕೊಟ್ಟವಳ ಮೇಲೆ ಕೇಸು, ಪ್ಯಾಕೆಟ್ ಕಳಿಸಿದವನಿಗೆ ರಿನ್ಯೂವಲ್



ಒಂದು ವಾರದಿಂದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಜಗಳ. ಹೋಟೆಲು, ಢಾಬಾಗಳಲ್ಲಿ ಕುಡಿಯೋದನ್ನ ಪೂರ್ತಿ ಬಂದ್ ಮಾಡಿಸಬೇಕು, ಕಾನೂನು ಇನ್ನೂ ಬಿಗಿಯಾಗಬೇಕು ಅಂತ ಅರ್ಧ ಜನ. ಬೆಂಗಳೂರಲ್ಲಿರೋ ಕೆಲವು ಗೆಳೆಯರು, ಯಾರು ಎಲ್ಲಿ ಕುಡಿದರೆ ಸರ್ಕಾರಕ್ಕೇನು, ಎಲ್ಲ ರೆಸ್ಟೋರೆಂಟಿಗೂ ಲೈಸೆನ್ಸ್ ಕೊಡಲಿ ಅಂತಾರೆ. ಎರಡೂ ಕಡೆಯವರು ಬಾಬಾಸಾಹೇಬರ ಫೋಟೋ ಡಿಪಿಗೆ ಹಾಕಿಕೊಂಡೇ ವಾದ ಮಾಡ್ತಿದ್ದಾರೆ. 'ನೀನ್ಯಾಕೆ ಸುಮ್ನಿದ್ದೀಯ' ಅಂತ ನನ್ನನ್ನ ಟ್ಯಾಗ್ ಮಾಡಿದವರಿಗೆ ಇದು ಉತ್ತರ. ಉದ್ದ ಇದೆ. ಪುರುಸೊತ್ತಿಲ್ಲದವರು ಓದದೇ ಲೈಕ್ ಒತ್ತಬೇಡಿ, ಮುಂದೆ ಹೋಗಿ, ಬೇಜಾರಿಲ್ಲ.

ಮೊದಲೇ ಹೇಳಿಬಿಡ್ತೀನಿ, ನಾನು ಕುಡಿಯೋನಲ್ಲ. ಕುಡಿತದಿಂದ ನಮ್ಮ ಕೇರಿಗಳಲ್ಲಿ ಎಷ್ಟು ತಾಳಿ ಕಿತ್ತುಹೋಗಿವೆ ಅಂತ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೂ ಈ 'ಬಿಗಿ ಕಾನೂನು' ಅನ್ನೋ ಬೇಡಿಕೆಗೆ ನಾನು ಕೈ ಎತ್ತಲ್ಲ. ಯಾಕೆ ಅಂತ ಹೇಳ್ತೀನಿ.

ನನ್ನ ಕಸುಬು ಗುಮಾಸ್ತಿಕೆ. ಫೈಲು ಓದೋದು, ಕಾಗದದಲ್ಲಿ ಏನು ಬರೆದಿದೆ ಏನು ಬರೆದಿಲ್ಲ ಅಂತ ನೋಡೋದು. ಹಾಗಾಗಿ ಭಾಷಣ ಬಿಟ್ಟು ಕಾನೂನನ್ನೇ ಓದೋಣ. ಕರ್ನಾಟಕ ಅಬಕಾರಿ ಕಾಯ್ದೆ 1965ರದ್ದು. ಅದರ ಕೆಳಗೆ 1967ರಲ್ಲಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮ ಬಂತು. ಅದರ 5ನೇ ನಿಯಮ ಹೇಳೋದು ಇಷ್ಟು: ಧಾರ್ಮಿಕ ಸಂಸ್ಥೆ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಯಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡಬಾರದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲಿ ಕೊಡಬಾರದು.

ಕೇಳೋಕೆ ಚೆನ್ನಾಗಿದೆ. ಇನ್ನೊಂದು ಸಲ ಓದಿ. ದೇವಸ್ಥಾನಕ್ಕೆ ನೂರು ಮೀಟರ್ ದೂರ ಇಟ್ಟಿದ್ದಾರೆ. ನಮ್ಮ ಕೇರಿಗೆ ಇಟ್ಟಿರೋದು ಬರೀ 'ಬಡಾವಣೆಯಲ್ಲಿ' ಅನ್ನೋ ಮಾತು. ದೂರ ಎಷ್ಟು? ಸೊನ್ನೆ. ಕೇರಿಯ ಕೊನೇ ಮನೆ ಗೋಡೆ ದಾಟಿ, ಬೇರೆಯವರ ಸರ್ವೆ ನಂಬರಿನಲ್ಲಿ ಶೆಟರ್ ಇಟ್ಟರೆ ಕಾನೂನು ಪಾಲನೆ ಆಯ್ತು. ನಮ್ಮ ಜಿಲ್ಲೆಯ ಯಾವ ಹೋಬಳಿಗಾದರೂ ಹೋಗಿ, ವೈನ್ ಸ್ಟೋರ್ ಎಲ್ಲಿದೆ, ಕೇರಿ ಎಲ್ಲಿ ಮುಗಿಯುತ್ತೆ ಅಂತ ಹೆಜ್ಜೆ ಹಾಕಿ ನೋಡಿ. ದೇವರಿಗೆ ಟೇಪು ಹಿಡಿದು ಅಳೆದವರು ನಮಗೆ ಯಾಕೆ ಅಳೆಯಲಿಲ್ಲ? 'ಕಾನೂನು ಬಿಗಿ ಮಾಡಿ' ಅನ್ನೋ ಗೆಳೆಯರು ಈ ಒಂದು ಸಾಲನ್ನ ಬಿಗಿ ಮಾಡಿ ಅಂತ ಕೇಳಿದ್ದನ್ನ ನಾನಂತೂ ಕಂಡಿಲ್ಲ.

ಇನ್ನು ಹೋಟೆಲ್ ವಿಷಯ. ನಮ್ಮ ರಾಜ್ಯದಲ್ಲಿ ಸಿಎಲ್-2 ಅಂದರೆ ವೈನ್ ಸ್ಟೋರ್, ಸೀಲ್ ಮಾಡಿದ್ದನ್ನ ಮಾರಬಹುದು, ಅಲ್ಲಿ ಕುಡಿಯೋ ಹಾಗಿಲ್ಲ. ಸಿಎಲ್-9 ಅಂದರೆ ಬಾರ್ ಅಂಡ್ ರೆಸ್ಟೋರೆಂಟ್, ಕೂತು ಕುಡಿಯಬಹುದು. ಸಿಎಲ್-7 ಬೇಕಾದರೆ ಲಾಡ್ಜ್ ರೂಮುಗಳಿರಬೇಕು. ಸಿಎಲ್-4 ಕ್ಲಬ್ಬಿನವರದ್ದು, ಅದು ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಹೊಸ ಸಿಎಲ್-2, ಸಿಎಲ್-9 ಕೊಡೋದನ್ನ 1992ರಿಂದಲೇ ನಿಲ್ಲಿಸಿದ್ದಾರೆ. ಯೋಚನೆ ಮಾಡಿ, 1992ರ ಹೊತ್ತಿಗೆ ಮೇನ್ ರೋಡಿನಲ್ಲಿ ಸ್ವಂತ ಕಟ್ಟಡ, ಕೈಯಲ್ಲಿ ಲಕ್ಷಗಟ್ಟಲೆ ದುಡ್ಡು ಇದ್ದವರು ಯಾರು? ಅವರ ಹತ್ತಿರ ಸನ್ನದು ಉಳಿಯಿತು, ವರ್ಷವರ್ಷ ಜೂನ್ 30ಕ್ಕೆ ಮುಗಿದು ಜುಲೈ 1ಕ್ಕೆ ರಿನ್ಯೂವಲ್ ಆಗ್ತಾ ಹೋಯ್ತು. 2025-26ರ ಬಜೆಟ್ಟಿನಲ್ಲಿ ಉಳಿದಿರೋ ಲೈಸೆನ್ಸುಗಳನ್ನ ಇ-ಹರಾಜು ಹಾಕ್ತೀವಿ ಅಂದರು. ಹರಾಜು ಅಂದಮೇಲೆ ಯಾರ ಪಾಲಾಗುತ್ತೆ ಅಂತ ಸಂತೇಲಿ ದನ ಮಾರಿದವರಿಗೆಲ್ಲ ಗೊತ್ತು.

ಹಾಗಾದರೆ ನಮ್ಮ ಜನ ನಡೆಸೋದು ಯಾವ ಹೋಟೆಲು? ಜಿಂಕ್ ಶೀಟಿನ ಮುದ್ದೆ ಹೋಟೆಲು. ತಲೆಮಾಂಸ, ಬೋಟಿ, ಮುದ್ದೆ, ಅನ್ನ. ನಾಲ್ಕು ಬೆಂಚು, ಒಂದು ಡ್ರಮ್ ನೀರು. ಸಂತೆಮರಹಳ್ಳಿ ಅಂದರೆ ಹೆದ್ದಾರಿ ಊರು, ಬೆಂಗಳೂರು–ಕೊಳ್ಳೇಗಾಲ–ಚಾಮರಾಜನಗರ ರಸ್ತೆ ನಮ್ಮ ಊರ ಮೇಲೇ ಹೋಗೋದು. ಲಾರಿಯವರು, ಕಬ್ಬು ಕಡಿಯೋರು, ಗಾರೆ ಕೆಲಸದವರು ಇಂಥ ಹೋಟೆಲಿನಲ್ಲೇ ಉಣ್ಣೋದು. ಕೂಲಿಯವನು ಬಾರಿಗೆ ಹೋದರೆ ಅಲ್ಲಿ ಎಂಆರ್‌ಪಿ ಮೇಲೆ ತೆಗೀತಾರೆ, ಚಾಕಣ ಬೇರೆ ತಗೋಬೇಕು. ವೈನ್ ಸ್ಟೋರಿನಲ್ಲಿ 90 ಎಂ.ಎಲ್. ಟೆಟ್ರಾ ಪ್ಯಾಕೆಟ್ ತಗೊಂಡು ಜೇಬಿಗೆ ಹಾಕ್ಕೊಂಡು ಊಟಕ್ಕೆ ಬರ್ತಾನೆ. ಅಲ್ಲಿಗೆ ಕಾನೂನು ಬಾಗಿಲಲ್ಲಿ ನಿಂತಿರುತ್ತೆ. ಅಬಕಾರಿ ಕಾಯ್ದೆಯ 15(ಎ), ಸಾರ್ವಜನಿಕ ಸ್ಥಳದಲ್ಲಿ ಕುಡಿಯೋದು ಅಪರಾಧ. ಜೊತೆಗೆ 32(3). ಪೇಪರಿನಲ್ಲಿ ದಿನಾ ಬರುತ್ತಲ್ಲ, 'ಮದ್ಯಪಾನ ಮಾಡಲು ಸ್ಥಳಾವಕಾಶ ಮಾಡಿಕೊಟ್ಟ ಆರೋಪಿಯ ಬಂಧನ' ಅಂತ, ಅದೇ.

ಈ ವರ್ಷ ನಮ್ಮ ಕಡೆಯ ಒಬ್ಬ ಹೆಣ್ಣುಮಗಳ ಮೇಲೆ ಇಂಥ ಕೇಸಾಯ್ತು. ಗಂಡ ಇಲ್ಲ, ಇಬ್ಬರು ಮಕ್ಕಳು. ಹೆಸರು ಬೇಡ, ಠಾಣೆಯ ಹೆಸರೂ ಬೇಡ. ಎಫ್‌ಐಆರ್ ಓದಿಕೊಡಣ್ಣ ಅಂತ ನನ್ನ ಹತ್ತಿರ ತಂದಿದ್ದಳು. ಜಪ್ತಿ ಮಾಡಿದ ಮಾಲು ಏನು ಗೊತ್ತಾ? ಖಾಲಿ ಪ್ಯಾಕೆಟ್ ನಾಲ್ಕು, ಪ್ಲಾಸ್ಟಿಕ್ ಲೋಟ ನಾಲ್ಕು, ಅರ್ಧ ನೀರಿದ್ದ ಬಾಟ್ಲಿ ಒಂದು. ಇಬ್ಬರು ಪಂಚರ ಸಹಿ. ಕುಡಿದವರು 'ಓಡಿಹೋದರು'. ಅವಳು ಕೇಳಿದ್ದು ಇಷ್ಟೇ: 'ನೀರ್ ಕೇಳುದ್ರು, ಲ್ವಾಟ ಕೊಟ್ಟಿ ಕನಣ್ಣ. ಉಣ್ಣಾಕ್ ಬಂದೋರ್ಗೆ ನೀರ್ ಕೊಡ್ದೆ ಇರಾಕಾದ್ದಾ?' ಮೂರು ದಿನ ಹೋಟೆಲ್ ಬಾಗಿಲು ಹಾಕಿ ವಕೀಲರ ಹಿಂದೆ, ಜಾಮೀನುದಾರರ ಹಿಂದೆ ಅಲೆದಳು. ಪಹಣಿ ಇರೋ ಜಾಮೀನುದಾರ ನಮ್ಮ ಕೇರಿಯಲ್ಲಿ ಎಷ್ಟು ಜನ ಸಿಗ್ತಾರೆ?

ಆ ಎಫ್‌ಐಆರಿನಲ್ಲಿ ಇಲ್ಲದ್ದನ್ನ ನಾನು ಹುಡುಕಿದೆ. ಆ ನಾಲ್ಕು ಪ್ಯಾಕೆಟ್ ಯಾವ ಅಂಗಡಿಯದ್ದು? ಅದು ಬರೆದಿಲ್ಲ. ಪ್ಯಾಕೆಟ್ಟಿನ ಮೇಲೆ ಬ್ಯಾಚ್ ನಂಬರ್ ಇರುತ್ತೆ. ರಾಜ್ಯದಲ್ಲಿ ಮಾರಾಟವಾಗೋ ಮದ್ಯ ಎಲ್ಲಾ ಸರ್ಕಾರದ್ದೇ ಪಾನೀಯ ನಿಗಮದ ಡಿಪೋದಿಂದ ಬಿಲ್ ಆಗಿ ಬರುತ್ತೆ. ಹಿಡಿಯೋ ಮನಸ್ಸಿದ್ದರೆ ಎಳೆ ಸಿಗುತ್ತೆ. ನಮ್ಮ ಕೇರಿಗಳ ಪೆಟ್ಟಿಗೆ ಅಂಗಡಿಗಳಲ್ಲಿ ಬೆಳಗ್ಗೆ ಆರಕ್ಕೆ ಬೀಡಿ ಪಕ್ಕದಲ್ಲಿ ಪ್ಯಾಕೆಟ್ ಮಾರ್ತಾರಲ್ಲ, ಅದು ಆಕಾಶದಿಂದ ಉದುರಿದ್ದಾ? ಲೈಸೆನ್ಸ್ ಇರೋ ಅಂಗಡಿಯಿಂದ ಬಾಕ್ಸುಗಟ್ಟಲೆ ಬೈಕಿನಲ್ಲಿ ಬಂದಿದ್ದು. ಸಿಕ್ಕಿಬಿದ್ದರೆ ಪೆಟ್ಟಿಗೆ ಅಂಗಡಿಯ ಮುದುಕಿ ಒಳಗೆ. ಕಳಿಸಿದವನಿಗೆ ಜುಲೈ 1ಕ್ಕೆ ರಿನ್ಯೂವಲ್.

ಇದನ್ನ ಇನ್ನೂ ಬಿಗಿ ಮಾಡಿ ಅಂತೀರಲ್ಲ, ಯಾರ ಕತ್ತಿಗೆ ಬಿಗಿಯೋದು? ಸಿಎಲ್-7 ಇಟ್ಟವನ ಎಸಿ ಹಾಲಿಗೆ ಯಾವ ಪೇದೆ ಹೋಗಿ ಲೋಟ ಜಪ್ತಿ ಮಾಡ್ತಾನೆ?

ದರದ ವಿಷಯಾನೂ ನೋಡಿ. 2023ರ ಜುಲೈ ಬಜೆಟ್ಟಿನಲ್ಲಿ ಹದಿನೆಂಟೂ ಸ್ಲ್ಯಾಬಿಗೆ ಹೆಚ್ಚುವರಿ ಅಬಕಾರಿ ಸುಂಕ ಶೇ. 20 ಏರಿಸಿದರು, ಕೂಲಿಯವನ ಪ್ಯಾಕೆಟ್ಟೂ ಅದರಲ್ಲಿ ಬಂತು. 2024ರ ಆಗಸ್ಟಿನಲ್ಲಿ ಪಕ್ಕದ ರಾಜ್ಯಗಳಿಗೆ ಸರಿಸಮ ಮಾಡ್ತೀವಿ ಅಂತ ದುಬಾರಿ ಬ್ರಾಂಡುಗಳ ಬೆಲೆ ಇಳಿಸಿದರು. ಸಿರಿವಂತನ ಸ್ಕಾಚ್ ಬೆಲೆ ಇಳಿದಾಗ ಯಾವ ಸ್ವಾಮೀಜಿಯೂ ನೈತಿಕತೆ ಬಗ್ಗೆ ಹೇಳಿಕೆ ಕೊಡಲಿಲ್ಲ. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ಗುರಿ ಇಟ್ಟಿದ್ದಾರೆ. ಗುರಿ ಇಟ್ಟುಕೊಂಡವನೇ ಕುಡೀಬೇಡಿ ಅಂತಾನೆ, ಕುಡಿಯೋಕೆ ಜಾಗ ಕೊಟ್ಟವಳನ್ನ ಹಿಡೀತಾನೆ. ಸರ್ಕಾರದ್ದೇ ಕಂಪನಿ ಎಂಎಸ್‌ಐಎಲ್ ಇದೆಯಲ್ಲ, ನಮ್ಮ ಮಕ್ಕಳು ಬರೆಯೋ 'ಲೇಖಕ್', 'ವಿದ್ಯಾ' ನೋಟ್‌ಬುಕ್ ಅದರದ್ದೇ, ಹಳ್ಳಿಹಳ್ಳಿಯ ಮದ್ಯದಂಗಡಿಯೂ ಅದರದ್ದೇ. ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಬಿ. ಕೃಷ್ಣಪ್ಪನವರ ಕಾಲದ ದಲಿತ ಸಂಘರ್ಷ ಸಮಿತಿ ಕೂಗಿತ್ತು. ಸರ್ಕಾರ ಎರಡನ್ನೂ ಒಂದೇ ಕಂಪನಿ ಬಿಲ್ಲಿನಲ್ಲಿ ಕೊಡ್ತಿದೆ.

ಈಗ ಬಾಬಾಸಾಹೇಬರ ಹೆಸರು ಹೇಳಿ ಪಾನನಿಷೇಧ ಕೇಳೋರಿಗೆ ಎರಡು ಮಾತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟಲ್ಲ ಅನ್ನೋದೂ ಒಂದು. ಸರಿ. ಆದರೆ ಅದಕ್ಕೆ ಐದು ವರ್ಷ ಮೊದಲು, 1951ರಲ್ಲಿ, ಅವರ ಪರಿಶಿಷ್ಟ ಜಾತಿಗಳ ಒಕ್ಕೂಟದ ಚುನಾವಣಾ ಪ್ರಣಾಳಿಕೆ ಸರ್ಕಾರದ ಪಾನನಿಷೇಧವನ್ನ ನೇರವಾಗಿ ಹುಚ್ಚುತನ ಅಂತ ಕರೆಯಿತು. ಖಜಾನೆಗೆ ನಷ್ಟ ಒಂದು ಕಡೆ, ಅಂಗಡಿಯಲ್ಲಿದ್ದ ಸಾರಾಯಿ ಮನೆಯೊಳಗೇ ಕಾಯಿಸೋ ಕಸುಬಾಗಿ ಹೆಂಗಸರು ಮಕ್ಕಳ ತನಕ ಬರುತ್ತೆ ಅನ್ನೋದು ಅದರ ವಾದ. ಇವೆರಡರಲ್ಲಿ ವಿರೋಧ ಎಲ್ಲಿದೆ? ಪ್ರತಿಜ್ಞೆ ನಾನು ನನಗೆ ಹಾಕಿಕೊಳ್ಳೋದು. ಕಾನೂನನ್ನ ಪೊಲೀಸರು ನನ್ನ ಮೇಲೆ ಹಾಕೋದು. ಪ್ರತಿಜ್ಞೆ ತಗೊಂಡವನಿಗೆ ಮಹಜರು ಬೇಕಾಗಿಲ್ಲ. ಸಂವಿಧಾನದ 47ನೇ ವಿಧಿ ತೋರಿಸೋರು, ಸಂವಿಧಾನ ಸಭೆಯಲ್ಲಿ ಜೈಪಾಲ್ ಸಿಂಗ್ ಮುಂಡಾ ಆದಿವಾಸಿಗಳ ಪರವಾಗಿ ಅದನ್ನ ವಿರೋಧಿಸಿ ಆಡಿದ ಮಾತುಗಳನ್ನೂ ಓದಿ.

1951ರ ಮಾತು ಹಳೇದಾಯ್ತು ಅಂತೀರಾ? ನಮ್ಮಲ್ಲೇ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯ್ತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಆನೇಕಲ್, ಕೋಲಾರದ ಕಡೆ, ಗಡಿಯಾಚೆ ಹೊಸೂರಿನ ಕಡೆ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಕೂಲಿ ಜನ ಸತ್ತರು. ಬಿಹಾರದಲ್ಲಿ 2016ರ ಏಪ್ರಿಲಿನಿಂದ ಪೂರ್ತಿ ನಿಷೇಧ. 2024ರಲ್ಲಿ ಪಾಟ್ನಾ ಹೈಕೋರ್ಟೇ ಹೇಳಿತು, ಈ ಕಾನೂನು ಅಧಿಕಾರಿಗಳಿಗೆ ದುಡ್ಡಿನ ದಾರಿಯಾಗಿದೆ, ದೊಡ್ಡ ಕುಳಗಳ ಮೇಲಿರೋದಕ್ಕಿಂತ ಬಡವರ ಮೇಲೇ ಕೇಸು ಜಾಸ್ತಿ ಅಂತ. ಅದೇ 2024ರ ಜೂನಿನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಮೆಥನಾಲ್ ಕುಡಿದು ಅರವತ್ತಕ್ಕೂ ಹೆಚ್ಚು ಜನ ಹೋದರು, ಕರುಣಾಪುರಂ ಕಾಲೊನಿಯಲ್ಲಿ ಸಾಲುಸಾಲು ಹೆಣ. ಅಲ್ಲೇನೂ ನಿಷೇಧ ಇರಲಿಲ್ಲ, ಸರ್ಕಾರಿ ಟಾಸ್ಮಾಕ್ ಅಂಗಡಿಗಳಿದ್ದವು. ಅದಕ್ಕಿಂತ ಅಗ್ಗಕ್ಕೆ ಸಿಕ್ಕಿದ್ದನ್ನ ಬಡವ ಕುಡಿದ. ಬೆಂಗಳೂರಿನ 'ಎಲ್ಲ ಫ್ರೀ ಬಿಡಿ' ಗೆಳೆಯರು ಇದನ್ನೂ ಗಮನಿಸಲಿ. ನಿಮ್ಮ ರೆಸ್ಟೋರೆಂಟಿನಲ್ಲಿ ಬಿಯರ್ ಸಿಕ್ಕಿದ ಕೂಡಲೇ ಕೂಲಿಯವನಿಗೆ ಸ್ವಾತಂತ್ರ್ಯ ಬರಲ್ಲ. ಅವನನ್ನ ನಿಮ್ಮ ಬಾಗಿಲೊಳಕ್ಕೇ ಬಿಡಲ್ಲ.

ಹೆದ್ದಾರಿ ಆದೇಶದ ಕಥೆ ಬೇಗ ಹೇಳ್ತೀನಿ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂದಿತು, ಆಮೇಲೆ ಸಣ್ಣ ಊರುಗಳಿಗೆ 220 ಮೀಟರ್ ಆಯ್ತು. 2017ರ ಜುಲೈಯಲ್ಲಿ ಮುಚ್ಚಿದ ಅಂಗಡಿಗಳು ಎಲ್ಲಿಗೆ ಹೋದವು? ಊರೊಳಗೆ, ಮನೆಗಳ ಮಧ್ಯೆ. ರಾಜ್ಯದ ಎಷ್ಟೋ ಕಡೆ ಹೆಂಗಸರು ರಸ್ತೆಗಿಳಿದು ತಡೆಯಬೇಕಾಯ್ತು. ದೊಡ್ಡವರಿಗೋಸ್ಕರ ಸರ್ಕಾರ ಹೆದ್ದಾರಿಯ ಹೆಸರನ್ನೇ ಬದಲಾಯಿಸೋಕೆ ಓಡಾಡಿತು. ಲಾರಿ ಡ್ರೈವರ್ ಜೀವ ಉಳಿಸೋ ಆದೇಶ ಅದು, ಉದ್ದೇಶ ತಪ್ಪಲ್ಲ. ಅದರ ಭಾರ ಬಿದ್ದಿದ್ದು ಮಾತ್ರ ಜಾಗ ಇಲ್ಲದವರ ಮೇಲೆ.

'ಹಂಗಾರೆ ಏನ್ ಮಾಡಾದು, ಹೇಳಯ್ಯ' ಅಂತೀರಿ. ಹೇಳ್ತೀನಿ. ನಮ್ಮ ಹೆಣ್ಣುಮಕ್ಕಳು ಆಗಲೇ ಹೇಳಿದ್ದಾರೆ, ಕೇಳಿಸಿಕೊಂಡಿಲ್ಲ ಅಷ್ಟೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರಲ್ಲ. ರಾಜ್ಯದಲ್ಲೆಲ್ಲ ನಿಷೇಧ ಅನ್ನೋ ಅವರ ಮಾತನ್ನ ಮೇಲೆ ಹೇಳಿದ ಕಾರಣಕ್ಕೆ ನಾನು ಒಪ್ಪಲ್ಲ. ಆದರೆ ಅಂಗಡಿ ಬೇಕೋ ಬೇಡವೋ ಅಂತ ಊರಿನ ಹೆಂಗಸರು ತೀರ್ಮಾನಿಸಲಿ ಅನ್ನೋದನ್ನ ಕಣ್ಣಿಗೊತ್ತಿಕೊಂಡು ಒಪ್ತೀನಿ. ಮಹಾರಾಷ್ಟ್ರದಲ್ಲಿ ಇದು ಜಾರಿಯಲ್ಲೇ ಇದೆ. ಅಲ್ಲಿನ ಹಳ್ಳಿ ಹೆಂಗಸರು ಅರ್ಜಿ ಕೊಟ್ಟರೆ ಮತದಾನ ನಡೆಯುತ್ತೆ, ಚೀಟಿಯ ಮೇಲೆ ನಿಂತ ಬಾಟ್ಲಿ, ಮಲಗಿದ ಬಾಟ್ಲಿ ಎರಡು ಚಿತ್ರ. ಅರ್ಧಕ್ಕಿಂತ ಹೆಚ್ಚು ಹೆಂಗಸರು ಮಲಗಿದ ಬಾಟ್ಲಿಗೆ ಒತ್ತಿದರೆ ಅಂಗಡಿ ಬಂದ್. 2004ರಲ್ಲಿ ಒಂದೇ ಒಂದು ವೋಟಿನಲ್ಲಿ ಎಂಎಲ್‌ಎ ಗೆದ್ದ ಕ್ಷೇತ್ರ ನಮ್ಮ ಸಂತೆಮರಹಳ್ಳಿ. ವೋಟಿನ ಬೆಲೆ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಇದರ ಜೊತೆಗೆ 5ನೇ ನಿಯಮದಲ್ಲಿ ಕೇರಿಗೂ ನೂರು ಮೀಟರ್ ಅಂತ ಬರೆಯಲಿ, ಅಳತೆ ಕೇರಿಯ ಕೊನೇ ಮನೆಯಿಂದ ಶುರುವಾಗಲಿ. ಕೇರಿಯಲ್ಲಿ ಪ್ಯಾಕೆಟ್ ಸಿಕ್ಕರೆ ಅದನ್ನ ಕಳಿಸಿದ ಅಂಗಡಿ ಯಾವುದು ಅಂತ ಎಫ್‌ಐಆರಿನಲ್ಲಿ ಬರೆಯೋದು ಕಡ್ಡಾಯ ಆಗಲಿ, ಎರಡನೇ ಸಲಕ್ಕೆ ಸನ್ನದು ರದ್ದಾಗಲಿ. ಮಾರದೇ ಇರೋ ಊಟದ ಹೋಟೆಲಿನವರನ್ನ ಲೋಟ ಕೊಟ್ಟ ತಪ್ಪಿಗೆ ಕೋರ್ಟಿಗೆ ಎಳೆಯೋದು ನಿಲ್ಲಲಿ. ಲೈಸೆನ್ಸಿನಲ್ಲಿ ನಮಗೂ ಮೀಸಲಾತಿ ಕೊಡಿ ಅನ್ನೋ ಗೆಳೆಯರಿದ್ದಾರೆ. ಅವರ ಸಿಟ್ಟು ಅರ್ಥವಾಗುತ್ತೆ, ಆ ವ್ಯಾಪಾರದ ಹೊರಬಾಗಿಲಲ್ಲೇ ನಮ್ಮನ್ನ ನಿಲ್ಲಿಸಿದ್ದಾರೆ. ಆದರೂ ನಮ್ಮ ಕೇರಿಗೆ ಪ್ಯಾಕೆಟ್ ಕಳಿಸೋ ಬೈಕು ನಮ್ಮವನದ್ದೇ ಆದರೆ ಆ ಹೆಣ್ಣುಮಗಳಿಗೆ ಏನು ಲಾಭ ಅಂತ ನನಗೆ ಹೊಳೀತಿಲ್ಲ. ಬೇಕಾದರೆ ಕಾಮೆಂಟಿನಲ್ಲಿ ಜಗಳ ಆಡೋಣ.

ಚಾಮರಾಜನಗರದ ಅಬಕಾರಿ ಉಪ ಆಯುಕ್ತರ ಕಚೇರಿಗೆ ಕೊಡೋ ಮನವಿಯ ಕರಡು ಬರೀತಿದ್ದೀನಿ. ಯಳಂದೂರು, ಕೊಳ್ಳೇಗಾಲ, ಗುಂಡ್ಲುಪೇಟೆ ಕಡೆಯ ಗೆಳೆಯರು ನಿಮ್ಮೂರಲ್ಲಿ 15(ಎ), 32(3) ಹಾಕಿಸಿಕೊಂಡ ಹೋಟೆಲಿನವರ ಎಫ್‌ಐಆರ್ ಕಾಪಿ ಇದ್ದರೆ ಇನ್‌ಬಾಕ್ಸಿಗೆ ಕಳಿಸಿ, ಹೆಸರು ಅಳಿಸಿ ಕಳಿಸಿ. ಜೊತೆಗೆ ನಿಮ್ಮೂರಿನ ವೈನ್ ಸ್ಟೋರ್ ಬಾಗಿಲಿಂದ ಕೇರಿಯ ಕೊನೇ ಮನೆ ತನಕ ಎಷ್ಟು ಹೆಜ್ಜೆ ಅಂತ ಎಣಿಸಿ ಬರೆಯಿರಿ. ಟೇಪ್ ಇದ್ದರೆ ಇನ್ನೂ ಒಳ್ಳೇದು.