ಚಪಾತಿ ಬಿಡೋ ಮೊದಲು ಟೆಸ್ಟ್ ಮಾಡಿಸೋಣ

ಮಧುರೆ ಕಡೆ ಊಟ ಅಂದ್ರೆ ರಾಗಿ ಮುದ್ದೆ. ನಮ್ಮ ಹಾಸ್ಟೆಲ್ ಮೆಸ್‌ನಲ್ಲಿ ಮಾತ್ರ ಬೆಳಗ್ಗೆ ಪೂರಿ, ರಾತ್ರಿ ಚಪಾತಿ, ನಡುವೆ ಬನ್ನು, ನೂಡಲ್ಸ್. ಹೊಟ್ಟೆ ಉಬ್ಬರಿಸಿದ್ರೆ ಒಂದು ವಿಡಿಯೋ ನೋಡಿ, "ನಂಗೆ ಗ್ಲುಟೆನ್ ಆಗಲ್ಲ" ಅಂತ ಗೋಧಿ ಬಿಟ್ಟುಬಿಡ್ತೀವಿ. ನಾವು ಎಡವೋದು ಅಲ್ಲೇ.

ಸೀಲಿಯಾಕ್ ಕಾಯಿಲೆಯಲ್ಲಿ ಗ್ಲುಟೆನ್ ತಿಂದರೆ ರೋಗನಿರೋಧಕ ವ್ಯವಸ್ಥೆಯೇ ಕೆರಳಿ ಸಣ್ಣ ಕರುಳನ್ನು ಹಾಳು ಮಾಡುತ್ತದೆ. ರಕ್ತದಲ್ಲಿ ಟಿಟಿಜಿ-ಐಜಿಎ ಪ್ರತಿಕಾಯ ಹುಡುಕುವುದು ಮೊದಲ ಪರೀಕ್ಷೆ. ಗೋಧಿ ಬಿಟ್ಟರೆ ಪ್ರತಿಕಾಯ ಇಳಿಯುತ್ತದೆ, ಕರುಳೂ ಸುಧಾರಿಸುತ್ತದೆ. ಆಗ ಕಾಯಿಲೆ ಇದ್ದರೂ ರಿಪೋರ್ಟ್ ನೆಗೆಟಿವ್ ಬರಬಹುದು. ಇನ್‌ಪುಟ್ ಕೊಡದೆ ಸರ್ಕ್ಯೂಟ್ ಟೆಸ್ಟ್ ಮಾಡಿದ ಹಾಗೆ!

ಕೆಲವರ ಮೈಯಲ್ಲಿ ಐಜಿಎನೇ ಕಡಿಮೆ. ಅದಕ್ಕೇ ಒಟ್ಟು ಐಜಿಎ ಕೂಡ ಅಳೆಯಬೇಕು. ಕಡಿಮೆ ಇದ್ದರೆ ಐಜಿಜಿ ಪರೀಕ್ಷೆ. ಅನುಮಾನ ಉಳಿದರೆ ಎಂಡೋಸ್ಕೋಪಿ ಮಾಡಿ ಕರುಳಿನ ಬಯಾಪ್ಸಿ. ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲದಿದ್ದರೆ ಕಾಯಿಲೆ ಇರೋದು ಬಹಳ ಅಪರೂಪ. ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ.

2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಪ್ರತಿಕಾಯ ಉತ್ತರ ಭಾರತದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ಜನರಲ್ಲಿ ಕಂಡಿತು. ಜೀನ್ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಗೋಧಿ ತಿನ್ನೋದು ಮಾತ್ರ ಉತ್ತರದಲ್ಲಿ ಬಹಳ ಜಾಸ್ತಿ. ನಮ್ಮ ತಟ್ಟೆ ಈಗ ಆ ಕಡೆಗೇ ವಾಲ್ತಿದೆ. "ಇದು ನಮ್ಮ ಕಡೆ ಕಾಯಿಲೆ ಅಲ್ಲ" ಅಂತ ಕೂರೋದು ಬೇಡ.

ಮಾತ್ರೆಗೂ ಜಗ್ಗದ ರಕ್ತಹೀನತೆ, ನಿಲ್ಲದ ಭೇದಿ ಇದ್ದವರು ಗೋಧಿ ತಿನ್ನುತ್ತಲೇ ಡಾಕ್ಟರ ಹತ್ರ ಹೋಗಿ. ಬಿಡೋದು ರಿಪೋರ್ಟ್ ಬಂದ ಮೇಲೆ. ಬಿಡಬೇಕಾದವರಿಗೆ ಮುದ್ದೆ ಇದ್ದೇ ಇದೆಯಲ್ಲ, ಮೆಸ್‌ನೋರು ಮಾಡಬೇಕಷ್ಟೆ.